ಕ್ಲಾಸು ಮುಗಿದ ಮೇಲಿನ ಪಾಠ

ಕೊಣಾಜೆಯಲ್ಲಿ ಮಂಗಳೂರು ವಿವಿ ಶುರುವಾದದ್ದು 1980ರಲ್ಲಿ. ಇಂದು ನಮ್ಮ ಹೆಣ್ಮಕ್ಕಳೂ ಎಂಎ, ಎಂಎಸ್ಸಿಗೆ ಅಲ್ಲಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. ಆದರೆ ಸೀಟು ಸಿಕ್ಕಿದರೆ ಸಾಲದು, ಅಲ್ಲಿ ಬೆರೆಯಲೂ ಬೇಕು.

ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು-ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ಹಾಗಾಗಿ ಕೆಲವರು ಮೊದಲ ಸೆಮಿಸ್ಟರ್ ಪೂರ್ತಿ ಬಾಯಿಬಿಡದೆ ಪರಿಚಯದವರ ಜೊತೆಯೇ ಕೂರುತ್ತಾರೆ. 2022ರ ಹಿಜಾಬ್ ವಿವಾದ ಕಂಡ ಉಮ್ಮ-ಉಪ್ಪನಿಗೆ ಆತಂಕ ಸಹಜ. "ಕ್ಲಾಸ್ ಬಿಟ್ಟ ಕೂಡಲೇ ಬಸ್ ಹಿಡಿ" ಅನ್ನುತ್ತಾರೆ. ಆದರೆ ಲೈಬ್ರರಿಯ ಓದು, ಪ್ರಾಜೆಕ್ಟ್ ಚರ್ಚೆ, ಬೇರೆ ಊರು-ಧರ್ಮದವರ ಗೆಳೆತನ, ಕೆಲಸದ ಸುದ್ದಿ ಸಿಗುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ವಾರಕ್ಕೆ ಎರಡು ದಿನವಾದರೂ ಒಂದು ಬಸ್ ತಡವಾಗಿ ಬರಲು ಬಿಡಿ. ಮಾರ್ಕ್ಸ್ ಕಾರ್ಡಿನಲ್ಲಿ ಕಾಣದ ಈ ಪಾಠ ಇಂಟರ್‌ವ್ಯೂನಲ್ಲಿ ಉಪಯೋಗಕ್ಕೆ ಬರುತ್ತದೆ.