ಕೊನೆಯ ದಿನಗಳ ಆರೈಕೆ: ಒಳ್ಳೆಯ ಸಂಸ್ಥೆಯನ್ನು ಗುರುತಿಸುವುದು ಹೇಗೆ?

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವೈದ್ಯಕೀಯ ನೆರವು ಸಮಿತಿಗಳಿಗೆ ಬರುವ ಅರ್ಜಿಗಳನ್ನು ತಿರುವಿ ಹಾಕಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಕೀಮೋಥೆರಪಿಗೆ ನೆರವು ಕೋರಿ ಬರುವವರು ಅನೇಕರು. ಆದರೆ ಆಸ್ಪತ್ರೆಯವರು "ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ" ಎಂದ ಮೇಲೆ ಸಂಘದ ಬಾಗಿಲಿಗೆ ಬರುವವರು ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಕಷ್ಟ ಆರಂಭವಾಗುವುದು ಆ ಮಾತಿನ ಅನಂತರವೇ. ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಒಂದು ಕೋಣೆ, ಒಂದು ಅಡುಗೆಮನೆ. ಮಗ ಹೊಟೇಲಿನ ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದು ಗಂಟೆ. ಹಾಸಿಗೆ ಹಿಡಿದ ತಂದೆ ನೋವಿನಿಂದ ನರಳುತ್ತಿದ್ದರೆ ಪಕ್ಕದ ಮನೆಯವರಿಗೂ ಕೇಳುತ್ತದೆ. ಆಗ ಯಾರೋ 'ಹಾಸ್ಪಿಸ್' ಎಂಬ ಶಬ್ದವನ್ನು ಹೇಳುತ್ತಾರೆ. ಸಂಘದ ಪದಾಧಿಕಾರಿಗೆ ಫೋನು ಹೋಗುತ್ತದೆ: "ಯಾವುದು ಒಳ್ಳೆಯದು?" ಈ ಪ್ರಶ್ನೆಗೆ ಹೆಚ್ಚಿನ ಸಂಘಗಳಲ್ಲಿ ಸಿಗುವ ಉತ್ತರ, "ಅಲ್ಲಿ ನಮ್ಮವರೊಬ್ಬರ ಪರಿಚಯ ಇದೆ" ಎಂಬುದು ಮಾತ್ರ. ಪರಿಚಯದಿಂದ ಮಂಚ ಸಿಗಬಹುದು, ಆರೈಕೆ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಸಂಸ್ಥೆಗಳೇ ಇಲ್ಲ ಎನ್ನುವ ಹಾಗೂ ಇಲ್ಲ. 1967ರಲ್ಲಿ ಲಂಡನ್‌ನಲ್ಲಿ ಸಿಸಿಲಿ ಸಾಂಡರ್ಸ್ ಅವರು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಬಳಿಕ ಹಬ್ಬಿದ ಈ ವಿಚಾರ ಭಾರತಕ್ಕೆ ಕಾಲಿಟ್ಟದ್ದು ಮುಂಬಯಿಯ ಮೂಲಕವೇ. ಡಾ. ಎಲ್. ಜೆ. ಡಿಸೋಜ ಅವರು ಬಾಂದ್ರಾದಲ್ಲಿ 1986ರಲ್ಲಿ ಸ್ಥಾಪಿಸಿದ ಶಾಂತಿ ಆವೇದನ ಸದನ ದೇಶದ ಮೊದಲ ಹಾಸ್ಪಿಸ್. ಪುಣೆಯ ವಾರ್ಜೆಯಲ್ಲಿ ಸಿಪ್ಲಾ ಉಪಶಾಮಕ ಆರೈಕೆ ಮತ್ತು ತರಬೇತಿ ಕೇಂದ್ರ 1997ರಿಂದ ನಡೆಯುತ್ತಿದೆ. ದಿಲ್ಲಿಯಲ್ಲಿ ಹರ್ಮಾಲಾ ಗುಪ್ತಾ ಅವರು 1996ರಲ್ಲಿ ಆರಂಭಿಸಿದ ಕ್ಯಾನ್‌ಸಪೋರ್ಟ್ ಮನೆಗೇ ಬಂದು ನೋಡುವ ವ್ಯವಸ್ಥೆ ಮಾಡಿದೆ. ಚೆನ್ನೈಯಲ್ಲಿ ಜೀವೋದಯ, ಹೈದರಾಬಾದಿನಲ್ಲಿ ಸ್ಪರ್ಶ, ಬೆಂಗಳೂರಿನಲ್ಲಿ 1999ರಿಂದ ರೋಗಿಗಳನ್ನು ಸೇರಿಸಿಕೊಳ್ಳುತ್ತಿರುವ ಕರುಣಾಶ್ರಯ ಇವೆ. ಇಂಥ ಸೇವಾ ಸಂಸ್ಥೆಗಳು ರೋಗಿಯಿಂದ ಹಣ ಪಡೆಯುವುದಿಲ್ಲ. ಇವುಗಳ ಜತೆಗೆ ಇತ್ತೀಚಿನ ವರ್ಷಗಳಲ್ಲಿ ದಿನಕ್ಕಿಷ್ಟು ಎಂದು ದರ ಹೇಳುವ ಖಾಸಗಿ ಕೇಂದ್ರಗಳೂ, ಮನೆಗೆ ಆಯಾ ಮತ್ತು ವಾರ್ಡ್‌ಬಾಯ್ ಕಳಿಸುವ ಬ್ಯೂರೊಗಳೂ ಅದೇ ಹೆಸರನ್ನು ಬಳಸತೊಡಗಿವೆ. ಆದ್ದರಿಂದಲೇ ಅಳತೆಯ ಪ್ರಶ್ನೆ ಮುಖ್ಯವಾಗುತ್ತದೆ.

ಅಳೆಯುವುದು ಸುಲಭವಲ್ಲ. ಹೆರಿಗೆ ಆಸ್ಪತ್ರೆ ಹೇಗಿತ್ತೆಂದು ತಾಯಿ ಹೇಳಬಲ್ಲಳು. ಇಲ್ಲಿ ಸೇವೆ ಪಡೆದವರು ಸಾಕ್ಷಿ ಹೇಳಲು ಉಳಿದಿರುವುದಿಲ್ಲ. ಉಳಿದವರಲ್ಲಿ ಕೇಳಿದರೆ, ಕಾಸು ತೆಗೆದುಕೊಳ್ಳದೆ ನೋಡಿಕೊಂಡವರ ಬಗ್ಗೆ ಎರಡು ಮಾತು ಹೇಳಲು ನಮ್ಮ ಜನರಿಗೆ ಬಾಯಿ ಬರುವುದಿಲ್ಲ. ಋಣದ ಭಾವನೆ ಅಡ್ಡ ಬರುತ್ತದೆ. ಇನ್ನೊಂದು ತೊಡಕೆಂದರೆ, ಎಷ್ಟೋ ಕುಟುಂಬಗಳು ರೋಗಿಯನ್ನು ಅಲ್ಲಿಗೆ ಸೇರಿಸುವುದೇ ಕೊನೆಯ ಎರಡು ದಿನ ಇರುವಾಗ. ಎರಡು ದಿನಗಳಲ್ಲಿ ಎಂಥ ಸಂಸ್ಥೆಯೂ ಹೆಚ್ಚೇನೂ ಮಾಡಲಾರದು, ಕೆಟ್ಟ ಹೆಸರು ಮಾತ್ರ ಅದಕ್ಕೆ ಬರುತ್ತದೆ. ಬೇಗ ಹೋದರೆ ಪ್ರಯೋಜನವಿದೆ ಎಂಬುದಕ್ಕೆ ಆಧಾರವೂ ಇದೆ. ಬಾಸ್ಟನ್‌ನಲ್ಲಿ ಶ್ವಾಸಕೋಶದ ಮುಂದುವರಿದ ಕ್ಯಾನ್ಸರ್ ಇದ್ದವರ ಮೇಲೆ ನಡೆಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರು ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದ್ದು 8.9 ತಿಂಗಳು. ಹಾಸ್ಪಿಸ್ ಎಂದರೆ ಕೈಬಿಟ್ಟ ಹಾಗೆ ಎಂದು ತಿಳಿಯುವವರು ಈ ಅಂಕಿಗಳನ್ನು ಗಮನಿಸಬೇಕು.

ಅಮೆರಿಕದಲ್ಲಿ ಮೃತರ ಮನೆಯವರಿಗೆ ಪ್ರಶ್ನಾವಳಿ ಕಳಿಸಿ ಹಾಸ್ಪಿಸ್‌ಗಳ ಗುಣಮಟ್ಟವನ್ನು ಸಾರ್ವಜನಿಕವಾಗಿ ಪ್ರಕಟಿಸುವ ಸರಕಾರಿ ವ್ಯವಸ್ಥೆಯಿದೆ. ಕೊನೆಯ ದಿನಗಳಲ್ಲಿ ನರ್ಸ್ ಮನೆಗೆ ಬಂದಿದ್ದರೇ ಇಲ್ಲವೇ ಎಂಬುದನ್ನೂ ಅಲ್ಲಿ ಲೆಕ್ಕ ಹಿಡಿಯುತ್ತಾರೆ. ಇಲ್ಲಿ ಸಾಮಾನ್ಯ ಕುಟುಂಬವೊಂದು ತೆರೆದು ನೋಡಬಹುದಾದ ಅಂಥ ಪಟ್ಟಿ ಇಲ್ಲ. 'ಸಾವಿನ ಗುಣಮಟ್ಟ' ಎಂಬ ಹೆಸರಿನಲ್ಲಿ ಇಕಾನಮಿಸ್ಟ್ ಬಳಗ ನಡೆಸಿದ ತುಲನೆಯಲ್ಲಿ 2010ರಲ್ಲಿ ಭಾರತ 40 ದೇಶಗಳಲ್ಲಿ 40ನೆಯದು, 2015ರಲ್ಲಿ 80ರಲ್ಲಿ 67ನೆಯದು. ಹಾಗಾಗಿ ನೋಡುವ ಕಣ್ಣನ್ನು ಕುಟುಂಬವೇ, ಸಂಘವೇ ಬೆಳೆಸಿಕೊಳ್ಳಬೇಕಾಗಿದೆ.

ಮೊತ್ತಮೊದಲು ಕೇಳಬೇಕಾದ್ದು ನೋವಿನ ಬಗ್ಗೆ. ಅಮೃತಶಿಲೆಯ ನೆಲ, ಉದ್ಯಾನ, ಪ್ರಾರ್ಥನಾ ಮಂದಿರ ಎಲ್ಲವೂ ಆಮೇಲೆ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೂ ಶಿಫಾರಸು ಮಾಡುತ್ತ ಬಂದಿದೆ. 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳೇ ಹೆದರುತ್ತಿದ್ದ ಕಾಲವಿತ್ತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಲವು ಪರವಾನಿಗೆಗಳ ಗೊಡವೆಯಿಲ್ಲದೆ ಅದನ್ನು ಇರಿಸಿಕೊಳ್ಳಬಹುದಾಗಿದೆ. ಆದ್ದರಿಂದ "ನಿಮ್ಮಲ್ಲಿ ಮಾರ್ಫಿನ್ ಇದೆಯೇ, ಮಾನ್ಯತೆ ಇದೆಯೇ?" ಎಂದು ನೇರವಾಗಿ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬರಬಹುದು.

ಇದ್ದರಷ್ಟೇ ಸಾಲದು, ಕೊಡುವ ಕ್ರಮವನ್ನೂ ನೋಡಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆಗಳದ್ದು. ಬಲ್ಲವರು ಅದನ್ನು ಗಡಿಯಾರ ನೋಡಿ ಕೊಡುತ್ತಾರೆ, ರೋಗಿ ಕೂಗುವವರೆಗೆ ಕಾಯುವುದಿಲ್ಲ. ಇನ್ನೊಂದು ಚಿಕ್ಕ ಪರೀಕ್ಷೆಯಿದೆ. ಮಾರ್ಫಿನ್ ಮಲಬದ್ಧತೆ ತರುವ ಔಷಧ, ಆದ್ದರಿಂದ ಅದನ್ನು ಬರೆಯುವಾಗಲೇ ಹೊಟ್ಟೆ ಸಡಿಲಿಸುವ ಔಷಧವನ್ನೂ ಬರೆಯುವುದು ಈ ವಿದ್ಯೆಯ ಮೊದಲ ಪಾಠ. ಚೀಟಿಯಲ್ಲಿ ಎರಡೂ ಇದ್ದರೆ ಬರೆದವರಿಗೆ ತರಬೇತಿಯಿದೆ ಎಂದು ತಿಳಿಯಬಹುದು. ಮನೆಯವರ ಕಡೆಯಿಂದಲೂ ಒಂದು ಅಡ್ಡಿ ಇದೆ. "ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರಂತೆ" ಎಂಬ ಭಯದಿಂದ ಮಾತ್ರೆಯನ್ನು ಅರ್ಧ ಮಾಡಿ ಕೊಡುವವರಿದ್ದಾರೆ. ಸರಿಯಾದ ಪ್ರಮಾಣದಲ್ಲಿ ನೋವಿಗೆ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ ಎಂದು ಕೂರಿಸಿಕೊಂಡು ತಿಳಿಹೇಳುವಷ್ಟು ವ್ಯವಧಾನ ಸಂಸ್ಥೆಯ ವೈದ್ಯರಿಗೆ ಇದೆಯೇ ಎಂಬುದೂ ಗುಣಮಟ್ಟದ ಭಾಗವೇ. ಇದು ಈಗ ಸ್ನಾತಕೋತ್ತರ ಪದವಿಯಿರುವ ವಿಷಯ, ಟಾಟಾ ಮೆಮೋರಿಯಲ್‌ನಲ್ಲಿ ಎಂ.ಡಿ. ಶಿಕ್ಷಣ 2012ರಲ್ಲೇ ಆರಂಭವಾಯಿತು. ಹಾಗಾಗಿ ವೈದ್ಯರ ತರಬೇತಿಯ ಬಗ್ಗೆ ವಿಚಾರಿಸಿದರೆ ಯಾರೂ ಬೇಸರಿಸಬೇಕಾಗಿಲ್ಲ.

ಎರಡನೆಯದು ರಾತ್ರಿ. ಹಗಲು ಹನ್ನೊಂದಕ್ಕೆ ಹೋದರೆ ಎಲ್ಲ ಕಡೆಯೂ ಅಚ್ಚುಕಟ್ಟು. ಸಂಜೆ ಏಳರ ಮೇಲೆ ಹೋಗಿ ನೋಡಬೇಕು. ಎಷ್ಟು ಮಂಚಕ್ಕೆ ಎಷ್ಟು ನರ್ಸ್? ಮಗ್ಗುಲು ಬದಲಿಸಲು ಯಾರಿದ್ದಾರೆ? ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿಗೆ ಹುಣ್ಣು ಏಳಲು ತಡವಿಲ್ಲ. ರೋಗಿಯ ತುಟಿ ಒಣಗಿ ಬಿರಿದಿದೆಯೇ, ಬಾಯಿ ಶುದ್ಧವಾಗಿದೆಯೇ ಎಂದು ನೋಡಿದರೆ ಆರೈಕೆಯ ಅರ್ಧ ಕಥೆ ತಿಳಿಯುತ್ತದೆ. ಕ್ಯಾನ್ಸರಿನ ಕೊಳೆತ ಗಾಯದ ವಾಸನೆ ಭಯಂಕರ. ಆದರೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿದರೂ ಅದು ಬಹುಮಟ್ಟಿಗೆ ಇಳಿಯುತ್ತದೆ. ಅಷ್ಟು ಅಗ್ಗದ ಉಪಾಯವಿದ್ದೂ ವಾರ್ಡಿನ ತುಂಬ ವಾಸನೆಯಿದ್ದರೆ ಅದು ರೋಗದ ತಪ್ಪಲ್ಲ. ಮನೆಗೇ ಬರುವ ತಂಡವಾದರೆ, ನಸುಕಿನ ಎರಡು ಗಂಟೆಗೆ ಫೋನು ಎತ್ತುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಮನೆಯಲ್ಲಿ ಸಾವು ಸಂಭವಿಸಿದರೆ ಮರಣದ ಕಾರಣ ಬರೆದುಕೊಡಲು ವೈದ್ಯರು ಬರುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಆ ಕಾಗದವಿಲ್ಲದೆ ಸ್ಮಶಾನದ ಬಾಗಿಲಲ್ಲಿ ನಿಲ್ಲುವ ದುಃಸ್ಥಿತಿ ಯಾರಿಗೂ ಬರಬಾರದು.

ಹೊರನಾಡ ಕನ್ನಡಿಗರಿಗೆ ಮಾತ್ರ ಇರುವ ಒಂದು ಸಮಸ್ಯೆಯ ಬಗ್ಗೆ ಸಂಘಗಳು ಈತನಕ ಅಷ್ಟಾಗಿ ಯೋಚಿಸಿಲ್ಲ. ನಲ್ವತ್ತು ವರ್ಷ ಮರಾಠಿ, ಹಿಂದಿಯಲ್ಲಿ ವ್ಯವಹಾರ ಮಾಡಿದ ಹಿರಿಯರು ಕೊನೆಗಾಲದಲ್ಲಿ ಬರೇ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡತೊಡಗುವುದುಂಟು. "ಬೇನೆ" ಎಂದರೂ, "ನೀರ್" ಎಂದರೂ ನರ್ಸ್‌ಗೆ ಅರ್ಥವಾಗುವುದಿಲ್ಲ. ಕನ್ನಡ ಬಲ್ಲ ನರ್ಸ್‌ ಬೇಕು ಎಂದು ಹಟ ಹಿಡಿಯುವುದು ನ್ಯಾಯವಲ್ಲ. ಆದರೆ ನೋವು, ನೀರು, ಮಗ್ಗುಲು, ಚಳಿ, ಉಸಿರು ಎಂಬ ಹತ್ತಿಪ್ಪತ್ತು ಶಬ್ದಗಳನ್ನು ಮನೆಯವರಿಂದ ಕೇಳಿ ಬರೆದು ಮಂಚದ ತಲೆಕಡೆ ಅಂಟಿಸುವ ಸಂಸ್ಥೆಗೂ, "ಅವರು ಏನೋ ಬಡಬಡಿಸುತ್ತಾರೆ" ಎನ್ನುವ ಸಂಸ್ಥೆಗೂ ಅಜಗಜಾಂತರ. ಊಟದ ವಿಷಯವೂ ಹಾಗೆಯೇ. ಒಂದು ಚಮಚ ಗಂಜಿತಿಳಿ, ನಾಲಗೆಗೆ ತುಸು ಉಪ್ಪಿನಕಾಯಿ ಕೇಳಿದರೆ ಮನೆಯಿಂದ ತರಲು ಬಿಡಬೇಕು. ನುಂಗಲಾರದವರಿಗೆ ಮನೆಯವರ ಸಮಾಧಾನಕ್ಕಾಗಿ ಮೂಗಿಗೆ ನಳಿಗೆ ಹಾಕುವುದು ಬೇರೆ ಮಾತು.

ಊರಿಗೆ ಹೋಗಬೇಕೆಂಬ ಆಸೆಯನ್ನೂ ಇಲ್ಲಿಯೇ ಹೇಳಬೇಕು. "ಊರಿನ ಮನೆಯಲ್ಲೇ ಪ್ರಾಣ ಹೋಗಲಿ" ಎನ್ನುವವರನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿ ರಾತ್ರೋರಾತ್ರಿ ಹೊರಡುವ ಕುಟುಂಬಗಳಿವೆ. ದಾರಿಗೆ ಔಷಧವಿಲ್ಲ, ಊರಲ್ಲಿ ಮುಂದೆ ನೋಡುವ ವೈದ್ಯರಿಗೆ ಪತ್ರವಿಲ್ಲ. ಮೂರು ದಿನದಲ್ಲಿ ಮಾತ್ರೆ ಮುಗಿದು ನೋವು ಮರುಕಳಿಸುತ್ತದೆ. ಒಳ್ಳೆಯ ಸಂಸ್ಥೆ ಸೇರಿಸಿಕೊಳ್ಳುವ ದಿನವೇ "ಎಲ್ಲಿರಬೇಕೆಂದು ಇವರ ಇಚ್ಛೆ?" ಎಂದು ಕೇಳುತ್ತದೆ, ಪ್ರಯಾಣ ಮಾಡಬಹುದಾದ ವಾರವನ್ನು ಸೂಚಿಸುತ್ತದೆ, ಅಲ್ಲಿನ ವೈದ್ಯರೊಡನೆ ಮಾತಾಡುತ್ತದೆ. ಕರಾವಳಿಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ಪ್ರತ್ಯೇಕ ವಿಭಾಗವಿರುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ರೋಗಿಯ ಇಚ್ಛೆಯನ್ನು ಬರೆದಿಡುವ ಅವಕಾಶವೂ ಈಗ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿದ ಮುಂಗಡ ಇಚ್ಛಾಪತ್ರವನ್ನು, 2023ರ ಸರಳೀಕರಣದ ಬಳಿಕ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಬಹುದು. ಅಂಥ ಪತ್ರವನ್ನು ಕಂಡು ಹುಬ್ಬು ಗಂಟಿಕ್ಕುವ ಸಂಸ್ಥೆಗೆ ರೋಗಿಯ ಮಾತು ಬೇಕಾಗಿಲ್ಲ ಎಂದೇ ಅರ್ಥ.

ಹಣ ಪಡೆಯುವ ಕೇಂದ್ರಗಳಲ್ಲಿ ದರವನ್ನು ಲಿಖಿತವಾಗಿ ಪಡೆಯಬೇಕು. ಆಮ್ಲಜನಕ, ಡ್ರೆಸ್ಸಿಂಗ್, ಡಯಾಪರ್ ಇವೆಲ್ಲ ಅದರಲ್ಲಿ ಸೇರಿವೆಯೇ, ಠೇವಣಿ ಯಾವಾಗ ವಾಪಸು ಸಿಗುತ್ತದೆ ಎಂಬುದು ಸ್ಪಷ್ಟವಿರಬೇಕು. ಬ್ಯೂರೊದ ಆಯಾ ಎಷ್ಟೇ ಒಳ್ಳೆಯವರಾದರೂ ಹಿಂದೆ ವೈದ್ಯರೂ ನರ್ಸೂ ಇಲ್ಲದಿದ್ದರೆ ಅದು ಹಾಸ್ಪಿಸ್ ಅಲ್ಲ.

ಇನ್ನು ಸಂಘಗಳ ಕುರಿತು ಒಂದು ಮಾತು. ಸ್ವಾತಂತ್ರ್ಯೋತ್ಸವಕ್ಕೋ ಅಧ್ಯಕ್ಷರ ಹುಟ್ಟುಹಬ್ಬಕ್ಕೋ ಬ್ಯಾನರ್ ಹಿಡಿದು ಹೋಗಿ, ಹಣ್ಣುಹಂಪಲು ಹಂಚಿ, ರೋಗಿಯ ಮಂಚದ ಬಳಿ ನಿಂತು ಫೋಟೊ ತೆಗೆಸಿಕೊಳ್ಳುವ ರೂಢಿಯಿದೆ. ಅನ್ನ ನುಂಗಲಾರದವರಿಗೆ ಸೇಬು! ವಾರ್ಡಿನೊಳಗೆ ಕ್ಯಾಮರಾ ಬಿಡದೆ "ಕ್ಷಮಿಸಿ" ಎನ್ನುವ ಸಂಸ್ಥೆಯ ಮೇಲೆ ಸಿಟ್ಟಾಗುವ ಬದಲು, ಅದನ್ನು ಪಟ್ಟಿಯಲ್ಲಿ ಒಂದು ಮೆಟ್ಟಲು ಮೇಲೆ ಇಡಬೇಕು.

ವೈದ್ಯಕೀಯ ನೆರವು ಸಮಿತಿಗಳು ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಒಂದು ನೋಟ್‌ಪುಸ್ತಕ ಇಡುವುದು. ಪ್ರತಿ ಸಂಸ್ಥೆಗೆ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ನಿವೃತ್ತ ನರ್ಸ್ ಆದರೆ ಒಳ್ಳೆಯದು, ವರ್ಷಕ್ಕೆರಡು ಬಾರಿ ಹೋಗಿ ಕಂಡದ್ದನ್ನು ಬರೆದಿಡುವುದು. ಸಾವು ಸಂಭವಿಸಿದ ಮನೆಗೆ ಹದಿಮೂರನೆಯ ದಿನ ಕಳೆದು ಒಂದೆರಡು ತಿಂಗಳಾದ ಬಳಿಕ ಹೋಗಿ ಕೇಳುವುದು. ಕೇಳಬೇಕಾದ್ದು ಮನೆಯ ಯಜಮಾನರನ್ನಲ್ಲ, ರಾತ್ರಿ ಪಕ್ಕದಲ್ಲಿ ಕೂತ ಸೊಸೆಯನ್ನು, ಮಗಳನ್ನು. "ಒಳ್ಳೆಯದಿತ್ತೇ?" ಎಂದರೆ "ಒಳ್ಳೆಯದಿತ್ತು" ಎಂಬ ಉತ್ತರವೇ ಬರುತ್ತದೆ. ಕೊನೆಯ ವಾರ ನೋವು ಇತ್ತೇ, ಕರೆದಾಗ ಎಷ್ಟು ಹೊತ್ತಿಗೆ ಬಂದರು, ಮುಂದೇನಾಗಬಹುದೆಂದು ಯಾರಾದರೂ ಮೊದಲೇ ಹೇಳಿದ್ದರೇ, ತೀರಿಕೊಂಡ ಮೇಲೆ ಆ ಸಂಸ್ಥೆಯಿಂದ ಒಂದು ಫೋನಾದರೂ ಬಂತೇ ಎಂದು ಬಿಡಿಬಿಡಿಯಾಗಿ ಕೇಳಿದರೆ ಸತ್ಯ ಹೊರಬರುತ್ತದೆ.

ಹೀಗೆ ಬರೆಯುತ್ತ ಹೋದಾಗ ಪುಸ್ತಕದಲ್ಲಿ ಒಂದು ಭಾಗ ಖಾಲಿ ಉಳಿಯುವುದು ಖಚಿತ. ಹೆಸರಾಂತ ಹಾಸ್ಪಿಸ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವಂಥವು. ಕಿಡ್ನಿ ಸೋತವರು, ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ಮಲಗಿದವರು, ಮರೆವಿನ ಕಾಯಿಲೆಯಲ್ಲಿ ಮಗನ ಹೆಸರನ್ನೂ ಮರೆತ ತಾಯಂದಿರು ಇವರಿಗೆ ಎಲ್ಲಿ ಜಾಗ? ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಲೆಕ್ಕಪತ್ರ ಮಂಜೂರಾತಿಯ ಬಳಿಕ, ಚಹಾಕ್ಕೆ ಮೊದಲು, ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಲು ಸಂಘಗಳಿಗೆ ಸಾಧ್ಯವಿದೆ.