ಬುರುಡೆ ಬಿಟ್ಟವರ ಈಜು

ಭರಮಸಾಗರದ ದೊಡ್ಡ ಕೆರೆಗೆ 2021ರಲ್ಲಿ ನೀರು ಬಂತು. ಮುಗಿಲಿನಿಂದ ಬಿದ್ದ ನೀರಲ್ಲ. ಹರಿಹರದ ಬಳಿ ತುಂಗಭದ್ರೆಯಿಂದ ಮೇಲೆತ್ತಿ ಪೈಪಿನಲ್ಲಿ ತಂದ ನೀರು. ಚಿತ್ರದುರ್ಗದ ಪಾಳೆಯಗಾರರಲ್ಲಿ ಕೆರೆ ಕಟ್ಟೆಗಳಿಗೆ ಹೆಸರಾದ ಭರಮಣ್ಣ ನಾಯಕ 1689ರಿಂದ 1721ರವರೆಗೆ ಆಳಿದವನು. ಕೆರೆಯನ್ನು ಕಟ್ಟಿಸಿದವನೂ ಅವನೇ, ಊರಿಗೆ ಹೆಸರು ಕೊಟ್ಟವನೂ ಅವನೇ. ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿದ್ದ ಅಂಗಳದಲ್ಲಿ ನೀರು ನಿಂತದ್ದು ಕಂಡು ಸುತ್ತಲಿನ ಊರಿನವರ ಕಣ್ಣೂ ತುಂಬಿತು. ಮರುವರ್ಷ, 2022ರಲ್ಲಿ, ಹಿರಿಯೂರಿನ ಬಳಿಯ ಮಾರಿಕಣಿವೆಯೂ ತುಂಬಿತು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು ಎಂಬತ್ತೊಂಬತ್ತು ವರ್ಷಕ್ಕೆ. ಬರದ ಜಿಲ್ಲೆ ಎಂದು ಪಠ್ಯಪುಸ್ತಕದಲ್ಲಿ ಓದಿದ ಮಕ್ಕಳು ಈಗ ನೀರಿನ ದಡದಲ್ಲಿ ನಿಂತಿದ್ದಾರೆ.

ನೀರಿನ ಜೊತೆಗೆ ಒಂದು ಪ್ರಶ್ನೆಯೂ ಬಂತು, ಅದನ್ನು ಕೇಳಿದವರು ಮಾತ್ರ ಕಡಿಮೆ. ಈ ಮಕ್ಕಳಿಗೆ ಈಜು ಬರುತ್ತದೆಯೇ?

ಈ ಸೀಮೆಯ ಅರವತ್ತು ದಾಟಿದ ಗಂಡಸರನ್ನು ಮಾತಿಗೆಳೆದು ನೋಡಿ. ಈಜಿನ ಮಾತು ಬಂದರೆ ಮೊದಲು ನೆನಪಾಗುವುದು ಸೋರೆಬುರುಡೆ. ಬೇಸಿಗೆ ರಜೆ ಬಂತೆಂದರೆ ತೋಟದ ಮೆಟ್ಟಿಲು ಬಾವಿ, ಬೆನ್ನಿಗೆ ಎರಡು ಬುರುಡೆ, ಬಾವಿಯೊಳಗೆ ಚಿಕ್ಕಪ್ಪನೋ ಸೋದರಮಾವನೋ. "ಕೈ ಬಡಿ, ಕಾಲು ಬಡಿ, ಹೆದರ್‌ಬ್ಯಾಡ ಕಣೋ, ನಾನಿದೀನಿ." ಮೊದಲ ಎರಡು ದಿನ ಅಳು, ಮೂರನೆಯ ದಿನ ನಾಯಿ ಈಜು, ವಾರಕ್ಕೆ ಕಪ್ಪೆ ಈಜು. ಹತ್ತು ದಿನಕ್ಕೆ ಎರಡು ಬುರುಡೆಯಲ್ಲಿ ಒಂದನ್ನು ಬಿಚ್ಚುತ್ತಿದ್ದರು. ಇನ್ನೊಂದನ್ನು ಯಾವಾಗ ಬಿಚ್ಚಿದರೆಂಬುದು ಹುಡುಗನಿಗೆ ಗೊತ್ತೇ ಆಗುತ್ತಿರಲಿಲ್ಲ. ಆಚೆ ದಡ ಮುಟ್ಟಿ ಬೆನ್ನು ತಡಕಿಕೊಂಡಾಗ ಅಲ್ಲಿ ಹಗ್ಗ ಮಾತ್ರ ಇರುತ್ತಿತ್ತು. ನಮ್ಮಲ್ಲಿ 'ಬುರುಡೆ ಬಿಡುವುದು' ಎಂದರೆ ಸುಳ್ಳು ಹೇಳುವುದು. ಬಾವಿಯ ಹುಡುಗರಿಗೆ ಬುರುಡೆ ಬಿಡುವುದೆಂದರೆ ಎಸ್ಸೆಸ್ಸೆಲ್ಸಿ ಪಾಸಾದಷ್ಟು ದೊಡ್ಡ ಸಂಗತಿ.

ಬುರುಡೆ ಸಿಗದವರಿಗೆ ಬೇರೆ ದಾರಿಗಳಿದ್ದವು. ಬದುವಿನ ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ಅದರ ಕಂಬ ಬೆಂಡಿನಷ್ಟು ಹಗುರ. ಅದನ್ನು ತುಂಡು ಮಾಡಿ ಜೋಡಿಸಿ ಕಟ್ಟಿಕೊಳ್ಳುತ್ತಿದ್ದರು. ತೋಟವಿದ್ದವರು ಬಾಳೆದಿಂಡಿನ ಮೇಲೆ ಎದೆ ಊರಿ ಕಾಲು ಬಡಿಯುತ್ತಿದ್ದರು. ಪಂಕ್ಚರ್ ಅಂಗಡಿ ಹೆದ್ದಾರಿಗೆ ಬಂದ ಮೇಲೆ ಲಾರಿಯ ಟ್ಯೂಬು. ಆದರೆ ಹಳಬರ ಬಾಯಲ್ಲಿ ಟ್ಯೂಬಿಗೆ ಬುರುಡೆಯ ಮರ್ಯಾದೆ ಇಲ್ಲ. ಟ್ಯೂಬಿನಲ್ಲಿ ಕೂತವನು ಕೂತೇ ಇರುತ್ತಾನೆ, ಬುರುಡೆ ಕಟ್ಟಿಕೊಂಡವನು ಈಜಲೇಬೇಕು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ.

ಹಳೆಯ ತೇಲು ಸಾಮಾನಿನ ಈ ಹಂಬಲ ಬಯಲುಸೀಮೆಯ ಅಜ್ಜಂದಿರದ್ದು ಮಾತ್ರ ಎಂದುಕೊಳ್ಳಬೇಡಿ. ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಸರ್ಫಿಂಗ್ ಆಟ ಟೀವಿಯಲ್ಲಿ ನೋಡಿರುತ್ತೀರಿ. ನಮ್ಮ ಕರಾವಳಿಯಲ್ಲೂ 2004ರ ಸುಮಾರಿಗೆ ಮೂಲ್ಕಿಯಲ್ಲಿ ಅದರ ಕ್ಲಬ್ ಶುರುವಾಯಿತು. 2016ರಲ್ಲಿ ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ದೇಶಮಟ್ಟದ ಸ್ಪರ್ಧೆಯೇ ನಡೆಯಿತು. ಈ ಆಟದವರಲ್ಲಿ ಒಂದು ಪಂಗಡವಿದೆ. ಅವರಿಗೆ ಹೊಸ ಹಲಗೆ ಬೇಡ. ಅಜ್ಜನ ಕಾಲದ 'ಪೈಪೋ' ಬೇಕು, 'ನೀಬೋರ್ಡ್' ಬೇಕು. ಗ್ಯಾರೇಜಿನ ಅಟ್ಟದಲ್ಲಿ, ಗುಜರಿಯಲ್ಲಿ ಹುಡುಕುತ್ತಾರೆ. ಸಿಕ್ಕರೆ ನಮ್ಮವರು ಹಳೆಯ ಗ್ರಾಮಾಫೋನು ತಟ್ಟೆಯನ್ನು ಒರೆಸುವ ಹಾಗೆ ಒರೆಸಿ ಇಟ್ಟುಕೊಳ್ಳುತ್ತಾರೆ.

ಪೈಪೋ ಎಂದರೆ ಹವಾಯಿ ದ್ವೀಪದ ಮಾತು. ಮೂರು ನಾಲ್ಕು ಅಡಿ ಉದ್ದದ ತೆಳು ಮರದ ಹಲಗೆ. ಅದರ ಮೇಲೆ ನಿಲ್ಲುವುದಿಲ್ಲ, ಹೊಟ್ಟೆ ಊರಿ ಮಲಗಿ ಅಲೆಯ ಜೊತೆ ಬರುವುದು. ಬಿಳಿಯರು ಆ ದ್ವೀಪಗಳಿಗೆ ಕಾಲಿಡುವ ಮೊದಲಿನಿಂದಲೂ ಅಲ್ಲಿನ ಮಕ್ಕಳ ಆಟ ಅದು. ಹವಾಯಿಯಲ್ಲಿ ಮಾತ್ರವೂ ಅಲ್ಲ. 1830ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಅಕ್ರಾ ತೀರಕ್ಕೆ ಹೋಗಿದ್ದ ಜೇಮ್ಸ್ ಅಲೆಗ್ಸಾಂಡರ್ ಎಂಬ ಬ್ರಿಟಿಷ್ ಪ್ರವಾಸಿ, ಹುಡುಗರು ಹೊಟ್ಟೆಯಡಿ ಹಗುರ ಹಲಗೆ ಇಟ್ಟುಕೊಂಡು ಕಡಲಿಗೆ ಈಜಿ ಅಲೆಗೆ ಕಾಯುವುದನ್ನು ಬರೆದಿಟ್ಟಿದ್ದಾನೆ. ನೀರು ಇರುವಲ್ಲಿ ಮಕ್ಕಳು ಏನನ್ನಾದರೂ ತಬ್ಬಿಕೊಂಡು ಅದಕ್ಕೆ ಇಳಿದಿದ್ದಾರೆ.

ನೀಬೋರ್ಡ್ ಎಂದರೆ ಮಂಡಿಯೂರಿ ಕೂರುವ ಹಲಗೆ. ಇದರ ಕಥೆಯಲ್ಲಿ ಬರುವ ದೊಡ್ಡ ಹೆಸರು ಕ್ಯಾಲಿಫೋರ್ನಿಯದ ಜಾರ್ಜ್ ಗ್ರೀನೋ. ಎಲ್ಲರೂ ಉದ್ದ ಹಲಗೆಯ ಮೇಲೆ ಎದ್ದು ನಿಂತು ಮೆರೆಯುತ್ತಿದ್ದ 1960ರ ದಶಕದಲ್ಲಿ ಈತ ಮಂಡಿಯೂರಿಯೇ ಕೂತ. ತನ್ನ ಕೈಯಾರೆ ಸಣ್ಣ, ಬಾಗುವ ಹಲಗೆ ಮಾಡಿದ. ಅವನು ಅಲೆಯ ಮೇಲೆ ತಿರುಗುವ ಚುರುಕು ನೋಡಿ ನಿಂತವರು ಕಲಿತರು. ಆಸ್ಟ್ರೇಲಿಯದ ನ್ಯಾಟ್ ಯಂಗ್ 1966ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವನ ಹಲಗೆಯಡಿಯ ರೆಕ್ಕೆಯ ವಿನ್ಯಾಸ ಗ್ರೀನೋನದು. ಮಂಡಿಯೂರಿದವನೇ ನಿಂತವರಿಗೆ ಗುರುವಾದ.

ಆಮೇಲೆ 1971ರ ಜುಲೈ. ಹವಾಯಿಯಲ್ಲಿದ್ದ ಟಾಮ್ ಮೋರೆ ಎಂಬಾತ ಫೋಮಿನ ತುಂಡೊಂದನ್ನು ಕರೆಂಟಿನ ಚಾಕುವಿನಿಂದ ಕೊಯ್ದ. ಮೇಲೆ ದಿನಪತ್ರಿಕೆಯ ಹಾಳೆ ಹಾಸಿ ಇಸ್ತ್ರಿಪೆಟ್ಟಿಗೆ ಉಜ್ಜಿ ನಯ ಮಾಡಿದ. ಅದೇ 'ಬೂಗಿ ಬೋರ್ಡ್' ಆಯಿತು. ಅಗ್ಗ, ಮೆತ್ತಗೆ, ತಲೆಗೆ ಬಡಿದರೂ ಪೆಟ್ಟಾಗದು. ಕೆಲವೇ ವರ್ಷಗಳಲ್ಲಿ ಮರದ ಪೈಪೋ ಅಟ್ಟ ಸೇರಿತು. ಬುರುಡೆ ಹೋಗಿ ಟ್ಯೂಬು ಬಂದ ಹಾಗೆಯೇ. ಮೋರೆ 2021ರಲ್ಲಿ ತೀರಿಕೊಂಡ. ಅವನ ಫೋಮಿನ ಹಲಗೆ ಮೇಲೆ ಅಲೆ ಕಲಿತವರೇ ಈಗ ಮರದ ಹಲಗೆ ಹುಡುಕಿಕೊಂಡು ಹೋಗುತ್ತಿದ್ದಾರೆಂಬುದು ತಮಾಷೆ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ 2000ರ ದಶಕದ ಆರಂಭದಲ್ಲಿ ಮರದ ಹಲಗೆಗಳದೇ ಒಂದು ಸ್ಪರ್ಧೆ ಶುರುವಾಯಿತು. ಹಲಗೆ ಮರದ್ದೇ ಇರಬೇಕು, ಚಳಿ ತಡೆಯುವ ರಬ್ಬರ್ ಅಂಗಿ ಹಾಕುವ ಹಾಗಿಲ್ಲ ಎಂಬ ನಿಯಮ. ಅಜ್ಜ ಅಜ್ಜಿಯರೂ ಇಳಿಯುತ್ತಿದ್ದರು.

ಅವರ ಹಂಬಲಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಅವರ ಸಮುದ್ರ ಎಲ್ಲಿಗೂ ಹೋಗಿರಲಿಲ್ಲ. ಹಲಗೆ ಬದಲಾಯಿತು, ಅಲೆ ಇತ್ತು, ಮಕ್ಕಳು ನೀರಿಗೆ ಇಳಿಯುವುದು ನಿಲ್ಲಲಿಲ್ಲ. ನಮ್ಮಲ್ಲಿ ಮೊದಲು ನೀರೇ ಹೋಯಿತು. ಬೋರ್‌ವೆಲ್ ಕೊರೆದಂತೆಲ್ಲ ಅಂತರ್ಜಲ ಇಳಿಯಿತು, ತೆರೆದ ಬಾವಿಗಳು ಬತ್ತಿದವು, ಹಾಳು ಬಾವಿಗಳು ಕಸದ ಗುಂಡಿಗಳಾದವು. ಬಾವಿ ಇಲ್ಲದ ಮೇಲೆ ಬುರುಡೆ ಯಾಕೆ? ಬುರುಡೆ ಕಟ್ಟುತ್ತಿದ್ದ ಚಿಕ್ಕಪ್ಪನ ಕೈಗೂ ಕೆಲಸವಿಲ್ಲ. ಅಪ್ಪನಿಗೆ ಈಜು ಬರುತ್ತಿತ್ತು, ಮಗ ಕಲಿಯಲಿಲ್ಲ, ಮೊಮ್ಮಗನಿಗೆ ಕಲಿಸುವವರಿಲ್ಲ. ಈಗ ನೀರು ಮರಳಿ ಬಂದಿದೆ, ಎರಡು ತಲೆಮಾರು ಖಾಲಿ ಬಿಟ್ಟು.

ಕೆರೆ ಬಿಡಿ, ಅದಕ್ಕಿಂತ ಹತ್ತಿರದ ಅಪಾಯ ಹೊಲದಲ್ಲೇ ಇದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ರೈತರಿಗೆ ಉಪಕಾರವಾಗಿದೆ, ಅನುಮಾನವಿಲ್ಲ. ಆದರೆ ನೀರು ಇಂಗದಿರಲೆಂದು ಒಳಗೆ ಹಾಸುವ ಪ್ಲಾಸ್ಟಿಕ್ ಹೊದಿಕೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಪಾಚಿ ಕಟ್ಟಿದ ಮೇಲೆ ಅದು ಎಣ್ಣೆ ಸವರಿದ ಹಾಗೆ. ಇಳಿಜಾರು ಬದಿ, ಹಿಡಿಯಲು ಕಲ್ಲಿಲ್ಲ, ಬೇರಿಲ್ಲ, ಮೆಟ್ಟಿಲಿಲ್ಲ. ಈಜು ಬಲ್ಲವನೂ ಬಿದ್ದರೆ ಹತ್ತುವುದು ಕಷ್ಟ. ಹಳೆಯ ಬಾವಿಗೆ ಆಳವಿತ್ತು, ಜೊತೆಗೆ ಮೆಟ್ಟಿಲೂ ಇತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ಮೂರು ಲಕ್ಷ. ಐದರಿಂದ ಹದಿನಾಲ್ಕು ವರ್ಷದ ಮಕ್ಕಳ ಸಾವಿಗೆ ಇದು ಮೂರನೆಯ ದೊಡ್ಡ ಕಾರಣ. ನಮ್ಮ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಈ ಸುದ್ದಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಒಬ್ಬ ಜಾರಿದ, ಎತ್ತಲು ಹೋದ ಇನ್ನೊಬ್ಬನೂ ಮುಳುಗಿದ. ಬಹುಪಾಲು ಸುದ್ದಿ ಇದೇ ರೀತಿ ಓದಿಸಿಕೊಳ್ಳುತ್ತದೆ.

ಪಕ್ಕದ ಬಾಂಗ್ಲಾದೇಶ ನಮಗಿಂತ ಬಡ ದೇಶವೆಂದು ಹೇಳಿಕೊಳ್ಳುತ್ತಿದ್ದೆವು. ಅಲ್ಲಿ 'ಸ್ವಿಮ್‌ಸೇಫ್' ಎಂಬ ಕಾರ್ಯಕ್ರಮದಲ್ಲಿ ಊರ ಹೊಂಡದೊಳಗೆ ಬಿದಿರಿನ ಕಟ್ಟೆ ಕಟ್ಟಿ, ಮಕ್ಕಳು ನಿಲ್ಲುವಷ್ಟು ಆಳಕ್ಕೆ ಬಿದಿರಿನ ನೆಲ ಹಾಸಿ, ನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಈಜು ಕಲಿಸಿದ್ದಾರೆ. ಟೈಲ್ಸು ಹಾಕಿದ ಈಜುಕೊಳ ಬೇಕಾಗಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಇದು ಆಗದ ಕೆಲಸವಲ್ಲ. ಬಿದಿರು ಇದೆ, ನೀರು ಇದೆ, ಈಜು ಬಲ್ಲ ಹಳಬರು ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಮಾಡಬೇಕಾದ ಕೆಲಸ.

ಹಳೆಯ ಕಾಲವನ್ನು ಹೊಗಳುವಾಗ ಒಂದು ಎಚ್ಚರ. ಬಾವಿಯ ಆ ಈಜು ಎಲ್ಲರದ್ದೂ ಆಗಿರಲಿಲ್ಲ. ಹೆಣ್ಣುಮಕ್ಕಳು ಬಟ್ಟೆ ಒಗೆಯಲು, ಕೊಡ ತುಂಬಲು ಮಾತ್ರ ಮೆಟ್ಟಿಲಿಳಿದರು. ಬೆನ್ನಿಗೆ ಬುರುಡೆ ಕಟ್ಟಿಸಿಕೊಂಡ ಹುಡುಗಿ ಊರಿಗೊಬ್ಬಳು ಇದ್ದರೆ ಹೆಚ್ಚು. ದಲಿತರ ಕೇರಿಯ ಮಕ್ಕಳಿಗೆ ಎಷ್ಟೋ ಬಾವಿಗಳ ಕಟ್ಟೆ ಹತ್ತುವುದಕ್ಕೂ ಬಿಡುತ್ತಿರಲಿಲ್ಲ. ಬುರುಡೆ ಮರಳಿ ಬರಲಿ, ಆ ಬೇಲಿ ಬೇಡ.

ವಿಜ್ಞಾನ ಓದುವ ಮಕ್ಕಳು ಇಷ್ಟು ಲೆಕ್ಕ ಹಾಕಿ ನೋಡಬಹುದು. ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಆದ್ದರಿಂದ ಇಪ್ಪತ್ತೈದು ಕಿಲೋ ಹುಡುಗಿಯನ್ನು ತೇಲಿಸಲು ಇಪ್ಪತ್ತೈದು ಕಿಲೋ ಆಸರೆ ಬೇಡ. ಮೂಗು ಬಾಯಿ ಮೇಲಿರಲು ಎರಡು ಮೂರು ಕಿಲೋ ಸಾಕು. ಮೂರು ಲೀಟರು ಹಿಡಿಯುವ ಬುರುಡೆ ಪೂರ್ತಿ ಮುಳುಗಿದರೆ ಮೂರು ಕಿಲೋಗಿಂತ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತನ್ನ ತೂಕ ಕಳೆದರೂ ಸುಮಾರು ಅಷ್ಟು ಎತ್ತುವ ಬಲ ಉಳಿಯುತ್ತದೆ. ಆರ್ಕಿಮಿಡೀಸನ ಹೆಸರು ಕೇಳದ ನಮ್ಮ ಹಿರಿಯರು ಮಗುವಿನ ಮೈ ನೋಡಿ ಬುರುಡೆ ಆರಿಸುತ್ತಿದ್ದರು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನೂ ಇದೇ ಕೆಲಸ ಮಾಡುತ್ತದೆ. ಹೊಂಡ ಇರುವ ಹೊಲದಲ್ಲಿ ಅಂಥದೊಂದು ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಕೈಗೆ ಸಿಗುವ ಹಾಗೆ ಇಟ್ಟಿರಿ. ಗಂಟು ಹಾಕಿದ ಇನ್ನೊಂದು ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಡಿ, ಬಿದ್ದವರು ಹಿಡಿದು ಹತ್ತಲಿ. ಸುತ್ತ ಬೇಲಿ ಇಲ್ಲದ ಹೊಂಡ ಇಟ್ಟುಕೊಳ್ಳಲೇಬೇಡಿ. ಯಾರಾದರೂ ಮುಳುಗುತ್ತಿದ್ದರೆ ಕ್ಯಾನು ಎಸೆಯಿರಿ, ಕೂಗಿ. ಮಕ್ಕಳು ಹಿಂದೆ ಹಾರಬಾರದು. ಬುರುಡೆಯಾಗಲಿ ಕ್ಯಾನಾಗಲಿ ಕಲಿಕೆಯ ಆಸರೆ ಅಷ್ಟೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಈಜು ಬಲ್ಲ ದೊಡ್ಡವರಿಲ್ಲದೆ ಮಗು ನೀರಿಗೆ ಇಳಿಯಕೂಡದು, ಕೃಷಿ ಹೊಂಡಕ್ಕಂತೂ ಇಳಿಯಲೇಕೂಡದು.

ಅಂದಹಾಗೆ ಸೋರೆ ಸಾಮಾನ್ಯ ಬಳ್ಳಿಯಲ್ಲ. ಮೂಲತಃ ಆಫ್ರಿಕದ್ದು. ಒಣಗಿದ ಕಾಯಿ ಉಪ್ಪುನೀರಿನಲ್ಲಿ ಏಳು ತಿಂಗಳು ತೇಲಿದ ಮೇಲೂ ಒಳಗಿನ ಬೀಜ ಮೊಳೆಯುತ್ತದೆಂದು ಪ್ರಯೋಗ ಮಾಡಿ ನೋಡಿದ್ದಾರೆ. ಅಟ್ಲಾಂಟಿಕ್ ಸಾಗರವನ್ನು ತಾನೇ ತೇಲಿ ದಾಟಿ ಅಮೆರಿಕ ಸೇರಿತೆಂದು 2014ರ ಒಂದು ಜೀನ್ ಅಧ್ಯಯನ ಹೇಳಿತು. ನಮ್ಮಲ್ಲಿ ಅದು ಬಿತ್ತನೆ ಬೀಜ ಇಡುವ ಪಾತ್ರೆಯಾಯಿತು, ತತ್ವಪದ ಹಾಡುವವರ ಏಕತಾರಿಯಾಯಿತು. ಈಗಿನ ಸಂತೆಗೆ ಬರುವ ಉದ್ದನೆಯ ಎಳೆ ಸೋರೆ ಬುರುಡೆಗೆ ಆಗುವುದಿಲ್ಲ. ಹೊಟ್ಟೆ ದುಂಡಗಿರುವ ನಾಟಿ ತಳಿ ಬೇಕು.

ಬೇಕೆನಿಸಿದವರು ಮುಂಗಾರಿಗೆ ಹಿತ್ತಲಲ್ಲಿ ನಾಲ್ಕು ಬೀಜ ಊರಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ. ಸಾರಿಗೆ ಎಳೆಕಾಯಿ ಕೊಯ್ದುಕೊಂಡರೂ ಒಳ್ಳೆಯ ಎರಡನ್ನು ಬಿಟ್ಟುಬಿಡಿ. ಬಳ್ಳಿ ಒಣಗಿ ತೊಟ್ಟು ಗಟ್ಟಿಯಾದ ಮೇಲೆ ಕಿತ್ತು, ಬೇಸಿಗೆವರೆಗೆ ಅಟ್ಟದ ಮೇಲೆ ಗಾಳಿಯಾಡುವ ಕಡೆ ಇಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಉಗುರಿನಿಂದ ಗೀರಿ, ಬಿರುಕಿದೆಯೇ ನೋಡಿ, ಬಕೆಟ್ಟಿನ ನೀರಿನಲ್ಲಿ ಒತ್ತಿ ಹಿಡಿದು ಗುಳ್ಳೆ ಬಾರದಿದ್ದರೆ ಹಗ್ಗ ಕಟ್ಟಬಹುದು.