ಹಾಡಿದವರ ಹೆಸರು

ನನ್ನ ಬಳಿ ಸುಮಾರು 6,000 ಹಾಡುಗಳಿವೆ. ಇಷ್ಟು ಹೇಳಿದ ಮಾತ್ರಕ್ಕೆ ನನ್ನನ್ನು ಸಂಗೀತಜ್ಞನೆಂದಾಗಲಿ ಶ್ರೀಮಂತನೆಂದಾಗಲಿ ವಾಚಕರು ಭಾವಿಸಬೇಕಾಗಿಲ್ಲ. ಅಂಗೈಯಲ್ಲಿ ಅಡಗುವ ಒಂದು ಹಾರ್ಡ್ ಡಿಸ್ಕಿನಲ್ಲಿ ಅವೆಲ್ಲವೂ ನೆಮ್ಮದಿಯಾಗಿ ಮಲಗಿವೆ. ತಂದೆಯವರು ಬಿಟ್ಟುಹೋದ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡವು ಕೆಲವು. ಯಾದಗಿರಿಯ ಅಂಗಡಿಗಳಲ್ಲಿ ಕೊಂಡ ಸಿ.ಡಿ.ಗಳಿಂದ ಬಂದವು ಕೆಲವು. ಶಹಾಪುರ, ಸುರಪುರಗಳ ಕಡೆಯ ವಿದ್ಯಾರ್ಥಿಗಳು ತಮ್ಮೂರ ಭಜನೆಯಲ್ಲಿ ಮೊಬೈಲಿಗೆ ಹಿಡಿದು ನನಗೆ ಕಳುಹಿಸಿದವು ಬಹಳ. ಕಳೆದ ಬೇಸಗೆಯ ರಜೆಯಲ್ಲಿ ಇವನ್ನೆಲ್ಲ ಒಂದು ಕ್ರಮಕ್ಕೆ ತರಬೇಕೆಂಬ ಬುದ್ಧಿ ನನಗೆ ಹುಟ್ಟಿತು.

ಗಾಯಕರ ಹೆಸರಿನ ಅನುಕ್ರಮದಲ್ಲಿ ಪಟ್ಟಿ ಮಾಡೆಂದು ಯಂತ್ರಕ್ಕೆ ಆಜ್ಞಾಪಿಸಿದೆ. ಅದು ಕ್ಷಣಮಾತ್ರದಲ್ಲಿ ಮಾಡಿತು. ನನ್ನ ಸಂಗ್ರಹದಲ್ಲಿ ಅತ್ಯಧಿಕ ಹಾಡುಗಳನ್ನು ಹಾಡಿದವರು ಮಲ್ಲಿಕಾರ್ಜುನ ಮನಸೂರರೂ ಅಲ್ಲ, ಸಿದ್ಧರಾಮ ಜಂಬಲದಿನ್ನಿಯವರೂ ಅಲ್ಲ. 'ಅಜ್ಞಾತ ಕಲಾವಿದ' ಎಂಬ ಮಹಾಶಯನೊಬ್ಬ! ಈತ ಗಂಡು ದನಿಯಲ್ಲಿಯೂ ಹಾಡುತ್ತಾನೆ, ಹೆಣ್ಣು ದನಿಯಲ್ಲಿಯೂ ಹಾಡುತ್ತಾನೆ. ತತ್ವಪದ ಬಲ್ಲ, ಗೀಗೀಪದ ಬಲ್ಲ, ಸೋಬಾನೆಯನ್ನೂ ಬಲ್ಲ. ಮೊದಲು ನನಗೆ ನಗು ಬಂದಿತು. ಪಟ್ಟಿಯನ್ನು ಕೆಳಕೆಳಗೆ ಓದಿದಂತೆ ಆ ನಗು ಉಳಿಯಲಿಲ್ಲ.

ಪ್ರತಿಯೊಂದು ಹಾಡಿನ ಕಡತದೊಳಗೂ ಹೆಸರುಚೀಟಿಗೆಂದು ಒಂದಿಷ್ಟು ಎಡೆ ಬಿಟ್ಟಿರುತ್ತಾರೆ. ಅದಕ್ಕೆ ಟ್ಯಾಗ್ ಎಂದು ಹೆಸರು. ಎಂಪಿ3 ಹಾಡುಗಳಿಗೆ ಐಡಿ3 ಎಂಬ ಚೀಟಿ 1996ರಲ್ಲಿ ಬಂದಿತು. ಅದರ ಮೊದಲ ರೂಪದ ಒಟ್ಟು ಅಳತೆ 128 ಬೈಟುಗಳು. ಹಾಡಿನ ಹೆಸರಿಗೆ 30, ಹಾಡಿದವರ ಹೆಸರಿಗೆ 30, ಸಂಪುಟದ ಹೆಸರಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದೇ ಒಂದು. ಉಳಿದ 3 ಚೀಟಿಯ ಗುರುತಿಗೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. 'ಕಡಕೋಳ ಮಡಿವಾಳಪ್ಪ' ಎಂದು ಬರೆದರೆ 43 ಬೈಟುಗಳಾಗುತ್ತವೆ. ಅಂದರೆ ಆ ಮಹಾನುಭಾವನ ಪೂರ್ಣನಾಮಕ್ಕೆ ಆ ಚೀಟಿಯಲ್ಲಿ ಸ್ಥಳವೇ ಇರಲಿಲ್ಲ! ಪ್ರಕಾರಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಡಿಸ್ಕೋ ಇತ್ತು, ಜಾಝ್ ಇತ್ತು. ಜಾನಪದ ಮಾತ್ರ ಇರಲಿಲ್ಲ. ಅದನ್ನು ತರುವಾಯ ಸೇರಿಸಿದರು. ಸೊನ್ನೆಯ ಕ್ರಮಾಂಕ 'ಬ್ಲೂಸ್' ಎಂಬ ಪ್ರಕಾರಕ್ಕೆ ಮೀಸಲು. ಆ ಮನೆಯಲ್ಲಿ ಬರಿಯ ಸೊನ್ನೆ ಉಳಿದುಬಿಟ್ಟಿದ್ದ ನಮ್ಮ ಕೆಲವು ಏಕತಾರಿಯ ಪದಗಳು ಅಮೆರಿಕದ ಆಫ್ರಿಕನ್ ಮೂಲದ ಜನರ ದುಃಖದ ಹಾಡುಗಳ ಸಾಲಿನಲ್ಲಿ ಹೋಗಿ ಕುಳಿತಿದ್ದವು. ಯೋಚಿಸಿ ನೋಡಿದರೆ ಅದೇನೂ ಬಹಳ ದೂರದ ನೆಂಟಸ್ತಿಕೆಯಲ್ಲ.

ಆದರೆ ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. 1998ರಿಂದೀಚೆಗೆ ಬಂದ ಹೊಸ ರೂಪದ ಟ್ಯಾಗುಗಳಲ್ಲಿ ಎಡೆಯ ಸಂಕೋಚವಿಲ್ಲ. ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಬರೆಯದೆ ಇದ್ದವರು ನಾವು.

ಹೆಸರನ್ನು ಹಾಡಿಗೆ ಕಟ್ಟುವ ವಿದ್ಯೆ ನಮಗೆ ಹೊಸದೂ ಅಲ್ಲ. ವಚನಕಾರರ, ದಾಸರ, ತತ್ವಪದಕಾರರ ಅಂಕಿತವೆಂಬುದು ಇದೇ ಅಲ್ಲವೆ? ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನ ವಚನ 'ರಾಮನಾಥ' ಎಂಬ ಅಂಕಿತವನ್ನು ತನ್ನ ಒಡಲಿನಲ್ಲಿಯೇ ಹೊತ್ತುಕೊಂಡು ಬಂದಿದೆ. ಓಲೆ ಹರಿಯಲಿ, ಪ್ರತಿಕಾರ ತಪ್ಪಲಿ, ವಚನದ ಕೊನೆಯ ನುಡಿ ಉಳಿದರೆ ಗುರುತು ಉಳಿಯುತ್ತದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೂ ಒಬ್ಬರೇ ಅಥವಾ ಬೇರೆ ಬೇರೆಯೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆದರೆ 'ರಾಮನಾಥ' ಅಂಕಿತದ ವಚನಗಳು ಒಂದು ಗುಂಪಾಗಿ ನಿಂತಿರುವುದರಲ್ಲಿ ವಿವಾದವಿಲ್ಲ. ಅಂಕಿತದ ಮಹತ್ವ ಎಷ್ಟೆಂಬುದಕ್ಕೆ ಈಚಿನ ನಿದರ್ಶನವೂ ಉಂಟು. ಬಸವಣ್ಣನವರ ವಚನಗಳಲ್ಲಿ 'ಕೂಡಲಸಂಗಮದೇವ' ಎಂಬುದನ್ನು 'ಲಿಂಗದೇವ' ಎಂದು ಬದಲಿಸಿದ ಪುಸ್ತಕವೊಂದನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2017ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಒಂದು ಹೆಸರುಚೀಟಿಗಾಗಿ ಒಂದು ನಾಡು ಹತ್ತೊಂಬತ್ತು ವರ್ಷ ಚರ್ಚಿಸಿತೆಂದರೆ ಅದು ಸಣ್ಣ ಸಂಗತಿಯಲ್ಲ.

ಅಂಕಿತವು ಕಟ್ಟಿದವನನ್ನು ಉಳಿಸಿತು. ಹಾಡಿದವನನ್ನು ಉಳಿಸಲಿಲ್ಲ. ತಲೆಮಾರುಗಳ ಕಾಲ ಆ ಪದವನ್ನು ನಾಲಗೆಯ ಮೇಲೆ ಹೊತ್ತು ತಂದವರಿಗೆ ಅಂಕಿತವಿಲ್ಲ. ಮನಸೂರರ, ಜಂಬಲದಿನ್ನಿಯವರ ವಚನಗಾಯನಕ್ಕೆ ಧ್ವನಿಮುದ್ರಿಕೆಯ ಮೇಲೆ ಅಂಟಿಸಿದ ಚೀಟಿಯಿತ್ತು, ಆಕಾಶವಾಣಿಯ ಉದ್ಘೋಷಕರಿದ್ದರು. ಧಾರವಾಡದಲ್ಲಿ 1950ರಿಂದ, ಕಲಬುರಗಿಯಲ್ಲಿ 1966ರಿಂದ ಬಾನುಲಿ ಕೇಂದ್ರಗಳು ಹಾಡಿನೊಡನೆ ಹಾಡಿದವರ ಹೆಸರನ್ನೂ ಹೇಳುತ್ತ ಬಂದಿವೆ. ಆ ಧ್ವನಿವರ್ಧಕದ ಮುಂದೆ ಎಂದೂ ಕೂಡದೆ, ಅಮವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ದಮ್ಮಡಿ ಬಾರಿಸುತ್ತ ಬೆಳಗು ಮಾಡಿದವರ ಗತಿಯೇನು?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2008ರಲ್ಲಿ ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹೋಗಿದ್ದೆ. ರಾತ್ರಿ ಒಂದು ಗಿಡದ ಕೆಳಗೆ ವೃದ್ಧರೊಬ್ಬರು ಮಡಿವಾಳಪ್ಪನ ಪದಗಳನ್ನು ಹಾಡುತ್ತಿದ್ದರು. ಹನ್ನೊಂದು ಪದಗಳನ್ನು ಮೊಬೈಲಿಗೆ ಹಿಡಿದುಕೊಂಡೆ. ಅವುಗಳಲ್ಲಿ ಎರಡನ್ನು ನಾನು ಓದಿದ ಯಾವ ಸಂಕಲನದಲ್ಲಿಯೂ ಕಂಡಿಲ್ಲ. ಹಾಡು ಮುಗಿದ ಮೇಲೆ ಹೆಸರು ಕೇಳಿದೆ. ಅವರು ನಕ್ಕರು. "ನನ್ನ ಹೆಸರ್ ತಗೊಂಡ್ ಏನ್ಮಾಡ್ತೀರಿ ಮಾಸ್ತರ್ರ? ಪದಾ ಕಟ್ಟಿದಾಂವ ಕಡೀಗಿ ಹೆಸರ ಹೇಳ್ಯಾನಲ್ಲ, ಅಷ್ಟ ಸಾಕು" ಎಂದರು. ಆ ಮಾತಿನ ವಿನಯಕ್ಕೆ ಮಾರುಹೋಗಿ ನಾನು ಸುಮ್ಮನಾದೆ. ಮಗ್ಗುಲಲ್ಲಿದ್ದವರನ್ನು ಕೇಳಬಹುದಾಗಿತ್ತು, ಕೇಳಲಿಲ್ಲ. ಇಂಥ ದನಿಯನ್ನು ಮರೆಯುವುದುಂಟೆ ಎಂದುಕೊಂಡೆ.

ದನಿ ಮರೆತಿಲ್ಲ. ಹೋದ ವರ್ಷ ಆ ಹಾಡುಗಳನ್ನು ಹಿಡಿದುಕೊಂಡು ಅದೇ ಜಾತ್ರೆಗೆ ಹೋಗಿ ಅನೇಕರಿಗೆ ಕೇಳಿಸಿದೆ. ಒಬ್ಬರು ಅವರನ್ನು ಶಹಾಪುರದ ಕಡೆಯವರೆಂದರು, ಇನ್ನೊಬ್ಬರು ದೇವದುರ್ಗದ ಕಡೆಯವರೆಂದರು. ಇಬ್ಬರು ಎರಡು ಬೇರೆ ಹೆಸರುಗಳನ್ನು ಹೇಳಿದರು. ತೀರಿಹೋದರೆಂಬ ಒಂದು ಮಾತಿನಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು.

ಹಾಡಿದವರೇ ಬೇಡವೆಂದ ಮೇಲೆ ನಾವೇಕೆ ಹೆಸರಿಗೆ ಅಂಟಿಕೊಳ್ಳಬೇಕು, ಅನಾಮಿಕತೆಯೇ ಜಾನಪದದ ಲಕ್ಷಣವಲ್ಲವೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಸರನ್ನು ಬಿಡುವುದು ಹಾಡುವವರ ಹಿರಿಮೆ. ಆದರೆ ಅವರ ವಿನಯವನ್ನು ನಮ್ಮ ಆಲಸ್ಯಕ್ಕೆ ಮರೆಮಾಡಿಕೊಳ್ಳುವುದು ಸಲ್ಲದು. ಆ ವೃದ್ಧರು ತಮ್ಮೂರಿನಲ್ಲಿ ಅಜ್ಞಾತರಾಗಿರಲಿಲ್ಲ. ಓಣಿಯ ಮಕ್ಕಳೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದಿರಬೇಕು. ಅವರನ್ನು ಅಜ್ಞಾತರನ್ನಾಗಿ ಮಾಡಿದುದು ನನ್ನ ಮೊಬೈಲು. ಬರೆದಿಡಲು ನಿಜವಾಗಿ ಮನಸ್ಸಿಲ್ಲದವರ ಇಚ್ಛೆಯನ್ನು ಮನ್ನಿಸೋಣ. ಆದರೆ ವಿವರಿಸಿ ಕೇಳಿದ ಮೇಲೆ.

ಕೇಳಿ ಬರೆದುಕೊಳ್ಳುವಾಗಲೂ ಎಚ್ಚರ ಬೇಕು. ನನ್ನ ಪಟ್ಟಿಯಲ್ಲಿ ಸುರಪುರ, ಶೋರಾಪುರ, ಷೋರಾಪುರಗಳು ಮೂರು ಊರುಗಳಾಗಿ ನಿಂತಿದ್ದವು. ಯಾದಗಿರಿ, ಯಾದಗೀರಗಳು ಎರಡಾಗಿದ್ದವು. ನಮ್ಮ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 2010ರಲ್ಲಿ. ಅದಕ್ಕೆ ಹಿಂದಿನ ಕ್ಯಾಸೆಟ್ಟುಗಳ ಮೇಲೆ ಇದೇ ಹಳ್ಳಿಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿವೆ, ಆ ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾಯಿತು. ಆದುದರಿಂದ ಒಂದೇ ಬರಹರೂಪವನ್ನು ಮೊದಲೇ ಗೊತ್ತುಮಾಡಿಕೊಂಡು, ಊರಿನ ಹೆಸರನ್ನು ತಪ್ಪದೆ ಬರೆಯಬೇಕು. ಪ್ರಕಾರದ ವಿಷಯದಲ್ಲಿಯೂ ಅಷ್ಟೆ. ಹಿಂದೂ ಭಕ್ತನೊಬ್ಬ ಹಾಡಿದ ಮೊಹರಮ್ಮಿನ ಪದವನ್ನು ಯಾವ ಮತದ ಪೆಟ್ಟಿಗೆಗೆ ಹಾಕುತ್ತೀರಿ? ಕಪಾಟಿನ ಪುಸ್ತಕ ಒಂದೇ ಅರೆಯಲ್ಲಿ ನಿಲ್ಲಬೇಕು. ಹಾಡಿಗಾದರೋ ಎಷ್ಟು ಚೀಟಿಗಳನ್ನಾದರೂ ಕಟ್ಟಬಹುದು. ಒಂದನ್ನು ಆರಿಸಿ ಉಳಿದುದನ್ನು ಅಳಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಹಾಡು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುವಾಗ, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಿರುಗುವಾಗ ಚೀಟಿ ಉದುರಿಹೋಗಬಹುದು. ಹೆಸರಿದ್ದ ಸ್ಥಳದಲ್ಲಿ ಬರಿಯ ತಾರೀಖು, ಸಂಖ್ಯೆ ಉಳಿಯಬಹುದು. ಇದಕ್ಕೆ ಪರಿಹಾರ ಬಹು ಹಿಂದೆಯೇ ದೊರೆತಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ? ಅದಕ್ಕಾಗಿ ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಉಚ್ಚರಿಸಿದರು. ನೂರಿಪ್ಪತ್ತು ವರ್ಷ ಕಳೆದರೂ, ತಟ್ಟೆಯ ಚೀಟಿ ಕಿತ್ತುಹೋಗಿದ್ದರೂ, ಆ ಹೆಸರು ಇಂದಿಗೂ ಕೇಳುತ್ತದೆ. ವಚನಕಾರರ ಅಂಕಿತ ಉಳಿದುದೂ ಇದೇ ಕಾರಣದಿಂದ. ಹೆಸರು ಹಾಡಿನ ಹೊರಗಿರಲಿಲ್ಲ, ಒಳಗಿತ್ತು.

ಆದಕಾರಣ ನನ್ನ ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕಮಿತ್ರರಲ್ಲಿಯೂ ನನ್ನದೊಂದು ಬಿನ್ನಹ. ಈ ರಜೆಯಲ್ಲಿ ನಿಮ್ಮ ಅಜ್ಜಿಯ ಹಂತಿಯ ಪದವನ್ನೋ ಪಕ್ಕದ ಮನೆಯ ತಾತನ ಭಜನೆಯನ್ನೋ ಮೊಬೈಲಿಗೆ ಹಿಡಿಯುವವರಿದ್ದರೆ, ಪದ ಮುಗಿದೊಡನೆ ಯಂತ್ರವನ್ನು ನಿಲ್ಲಿಸಬೇಡಿರಿ. "ನಿಮ್ಮ ಹೆಸರೇನ್ರೀ? ಯಾವೂರ್ರೀ? ಈ ಪದಾ ಯಾರ ಹತ್ರ ಕಲ್ತ್ರಿ?" ಎಂದು ಕೇಳಿರಿ. ಉತ್ತರ ಅವರ ದನಿಯಲ್ಲಿಯೇ ಹಾಡಿನ ಬಾಲಕ್ಕೆ ಸೇರಲಿ. ತಾರೀಖನ್ನು ನೀವು ಹೇಳಿರಿ. ಇದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಟ್ಯಾಗನ್ನು ಮನೆಗೆ ಬಂದ ಮೇಲೆ ಬರೆದುಕೊಳ್ಳಬಹುದು.

ನನ್ನ 6,000 ಹಾಡುಗಳಲ್ಲಿ ಅರ್ಧದಷ್ಟಕ್ಕೆ ಈಗ ಹೆಸರುಗಳಾಗಿವೆ. ವಿದ್ಯಾರ್ಥಿಗಳು ಮನೆಗಳಲ್ಲಿ ಕೇಳಿ ತಿಳಿದುಬಂದು ಹೇಳುತ್ತಿದ್ದಾರೆ. 'ಅಜ್ಞಾತ ಕಲಾವಿದ'ನ ಪಟ್ಟಿ ದಿನದಿನಕ್ಕೆ ಕುಗ್ಗುತ್ತಿದೆ. ತಿಂಥಣಿಯ ಆ ಹನ್ನೊಂದು ಪದಗಳಿಗೆ ಮಾತ್ರ ಹೆಸರು ಸಿಕ್ಕಿಲ್ಲ. ಆದರೂ ಅವುಗಳ ಚೀಟಿಯಿಂದ 'ಅಜ್ಞಾತ' ಎಂಬ ಮಾತನ್ನು ತೆಗೆದುಹಾಕಿದ್ದೇನೆ. ಆ ಸ್ಥಳದಲ್ಲಿ ಹೀಗೆ ಬರೆದಿದ್ದೇನೆ: "ತಿಂಥಣಿ ಜಾತ್ರೆ, 2008. ಹಾಡಿದವರು ಒಬ್ಬ ಹಿರಿಯರು. ಹೆಸರು ತಿಳಿದುಕೊಳ್ಳದೆ ಬಂದವನು ನಾನು."